ಅವಸರದ ಜೇಬುಗಡಿಯಾರ

"ಯಾರೂ ಕಾಲೆತ್ತಬೇಡಿ!"

ತಾತ ಪುಟ್ಟಸ್ವಾಮಿ ಕೂಗಿದ್ದೇ ತಡ, ಅಜ್ಜಿ ಶಿವನಂಜಮ್ಮ ಹೊಸ್ತಿಲ ಆಚೆ ಒಂದು ಕಾಲು, ಈಚೆ ಒಂದು ಕಾಲು ಇಟ್ಟು ನಿಂತುಬಿಟ್ಟರು. ಕೈಯಲ್ಲಿ ಕಾಫಿ ಲೋಟ. ತಾತನ ಮೇಜಿನಿಂದ ತಿರುಪು ಕೆಳಗೆ ಬಿದ್ದರೆ ಆ ಮನೆಯ ಕಾನೂನೇ ಹಾಗೆ.

"ಕಾಫಿ ಆರೋಗ್ತದೆ ಕಣ್ರೀ."

"ಆರ್ಲಿ ಬುಡು. ಮೊದ್ಲು ತಿರುಪು ಸಿಕ್ಲಿ."

ತಾತನಿಗೆ ಹಳೆಯ ಜೇಬುಗಡಿಯಾರಗಳ ಹುಚ್ಚು. ಸಂತೆಯಲ್ಲಿ, ಗುಜರಿಯಲ್ಲಿ ಕೆಟ್ಟು ನಿಂತದ್ದನ್ನು ಹುಡುಕಿ ತಂದು, ಬಿಚ್ಚಿ, ತೊಳೆದು, ಓಡುವಂತೆ ಮಾಡಿ ಗೋಡೆಗೆ ನೇತುಹಾಕುತ್ತಿದ್ದರು. ಆದರೆ ಈಗ ಮೇಜಿನ ಮೇಲಿದ್ದದ್ದು ಅವರದಲ್ಲ. ರೇಡಿಯೊ ರಿಪೇರಿ ಅಂಗಡಿಯ ಸವರಿಯಪ್ಪನವರದು, ಅವರಪ್ಪನ ಕಾಲದ್ದು. ನಾಡಿದ್ದು ಮಗಳ ಮದುವೆಗೆ ಅದನ್ನೇ ಕೋಟಿಗೆ ಸಿಕ್ಕಿಸಿಕೊಂಡು ಚರ್ಚಿಗೆ ಹೋಗಬೇಕೆಂದು ಅವರಿಗೆ ಆಸೆ.

ಮೂಲೆಯಲ್ಲಿ ಕೂತಿದ್ದ ಮೊಮ್ಮಗಳು ಚಂದ್ರಮತಿ ಐದನೇ ಕ್ಲಾಸು. ಅವಳಿಗೆ ಗೊತ್ತಿಲ್ಲದ್ದು ಏನಿದೆ?

"ಇರು ತಾತ, ನನ್ ಹತ್ರ ಐಡಿಯಾ ಇದೆ!"

ಸ್ಕೂಲು ಚೀಲದಿಂದ ಲಾಳದಂಥ ಕೆಂಪು ಅಯಸ್ಕಾಂತ ತೆಗೆದು ನೆಲದುದ್ದಕ್ಕೂ ಆಡಿಸಿದಳು. ಟಕ್! ಎಳ್ಳಿಗಿಂತ ಚಿಕ್ಕ ತಿರುಪು ಬಂದು ಅಂಟಿಕೊಂಡಿತು.

"ಭಲೇ ಕಣವ್ವ!" ಎಂದು ತಾತ ತಿರುಪನ್ನು ಕೂರಿಸಿದರು. ಗಡಿಯಾರ ಟಿಕ್ ಟಿಕ್ ಅಂದಿತು. ಚಂದ್ರಿ ಅಯಸ್ಕಾಂತವನ್ನು ಮೇಜಿನ ದಪ್ಪ ಬಿಳಿ ಬಟ್ಟೆಯ ಕೆಳಗೆ ಜೋಪಾನವಾಗಿಟ್ಟು, ಗೆಳತಿಯರಿಗೆ ಜಂಬ ಕೊಚ್ಚಲು ಬೀದಿಗೆ ಓಡಿದಳು.

ಮರುದಿನ ಬೆಳಗ್ಗೆ ಗಡಿಯಾರ ಅರ್ಧ ಗಂಟೆ ಮುಂದಿತ್ತು. ತಾತ ಬಿಚ್ಚಿ ಸರಿಮಾಡಿದರು. ಚಂದ್ರಿ ಸ್ಕೂಲಿನಿಂದ ಬರುವಷ್ಟರಲ್ಲಿ ಅದು ಮತ್ತೆ ಮುಂದೆ ಓಡಿತ್ತು.

ತಾತ ತಮ್ಮ ಬೆರಳುಗಳನ್ನೇ ನೋಡುತ್ತ ಕೂತಿದ್ದರು. "ಒಳಗಿನ ಕೂದ್ಲಿನಂಥ ಸ್ಪ್ರಿಂಗ್ ನಾನೇ ಕೆಡಿಸ್ಬುಟ್ಟೆ ಕಣೇ. ಕೈ ನಡುಗ್ತದೆ. ಸವರಿಯಪ್ಪ ಬತ್ತಾನೆ, ವಾಪಸ್ ಕೊಟ್ಬುಡ್ತೀನಿ. ಇನ್ ಈ ಕೆಲ್ಸ ಸಾಕು."

ಗೋಡೆಯ ಗಡಿಯಾರಗಳನ್ನು ಒಂದೊಂದಾಗಿ ಇಳಿಸಿ ಬಟ್ಟೆಯಲ್ಲಿ ಸುತ್ತತೊಡಗಿದರು. ಚಂದ್ರಿಗೆ ಅಳು ಬಂದುಬಿಟ್ಟಿತು.

ಅಳುತ್ತಲೇ ಸಾಮಾನು ಎತ್ತಿಡಲು ಮೇಜಿನ ಮೇಲಿದ್ದ ತಾತನ ಪುಟ್ಟ ಚಿಮಟ ಕೈಗೆತ್ತಿಕೊಂಡಳು. ಅದರ ತುದಿಗೆ ಒಂದು ತಿರುಪು ನೇತಾಡುತ್ತಿತ್ತು. ಕೊಡವಿದಳು. ಬೀಳಲಿಲ್ಲ. ಚಿಮಟಕ್ಕೆ ಈ ಬುದ್ಧಿ ಯಾವಾಗ ಬಂತು? ಬಟ್ಟೆ ಎತ್ತಿ ನೋಡಿದರೆ ಅಲ್ಲೇ ಮಲಗಿದೆ ಅವಳ ಅಯಸ್ಕಾಂತ, ಸರಿಯಾಗಿ ಗಡಿಯಾರ ಇದ್ದ ಕಡೆಯೇ! ಅಯಸ್ಕಾಂತದ ಜೊತೆ ಇಟ್ಟರೆ ಸೂಜಿಯೂ ಅಯಸ್ಕಾಂತ ಆಗುತ್ತದೆ ಎಂದು ಮೇಷ್ಟ್ರು ತೋರಿಸಿದ್ದರಲ್ಲ. ಹಾಗಾದರೆ ಆ ಸ್ಪ್ರಿಂಗಿನ ಸುತ್ತುಗಳೂ ಒಂದಕ್ಕೊಂದು ಅಂಟಿಕೊಂಡೇ ಗಡಿಯಾರ ಮುಂದೆ ಓಡುತ್ತಿದೆಯೇ?

ಅಷ್ಟರಲ್ಲಿ ಸವರಿಯಪ್ಪನವರು ಒಳಗೆ ಬಂದರು. "ಏನ್ ಪುಟ್ಟಸ್ವಾಮಣ್ಣ, ರೆಡಿನಾ?"

ಸುಮ್ಮನಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಆದರೆ ತಾತ ಬಾಯಿ ತೆರೆಯುವ ಮೊದಲೇ ಚಂದ್ರಿ ಮುಂದೆ ಬಂದಳು.

"ಮಾಮ, ತಾತ ಕೆಡಿಸಿದ್ದಲ್ಲ, ನಾನು! ಗಡಿಯಾರದ ಕೆಳಗೇ ಅಯಸ್ಕಾಂತ ಇಟ್ಬುಟ್ಟಿದ್ದೆ. ಬೇಕಾದ್ರೆ ನೋಡಿ!" ಎಂದು ಚಿಮಟ ಎತ್ತಿ ತೋರಿಸಿದಳು. ತಿರುಪು ಇನ್ನೂ ನೇತಾಡುತ್ತಿತ್ತು.

ಬೈಯಬೇಕಾಗಿದ್ದ ತಾತ ಜೋರಾಗಿ ನಕ್ಕುಬಿಟ್ಟರು. "ಅಂಗಾದ್ರೆ ತಪ್ಪು ನನ್ ಕೈದಲ್ಲ! ಸವರಿ, ನಿನ್ ಅಂಗಡೀಲಿ ತಂತಿ ಸುರುಳಿ ಇದೆಯಲ್ಲ, ಕರೆಂಟ್ ಕೊಟ್ಟು ಅಯಸ್ಕಾಂತದ ಗುಣ ಬುಡಿಸೋದು?"

"ಇದೆ, ಬನ್ನಿ ಅಣ್ಣ. ಚಂದ್ರಮ್ಮ, ನೀನೂ ಬಾ!"

ಅಂಗಡಿಯಲ್ಲಿ ಸುರುಳಿ ಗುಂಯ್ ಅಂದಿತು. ತಾತ ಗಡಿಯಾರವನ್ನು ಅದರೊಳಗೆ ಹಿಡಿದು ಮೆಲ್ಲಮೆಲ್ಲನೆ ಈಚೆಗೆ ಎಳೆದರು. ಅವಸರ ಮಾಡಿದರೆ ಕೆಲಸ ಕೆಡುತ್ತದಂತೆ. ಚಂದ್ರಿ ಉಸಿರು ಬಿಗಿಹಿಡಿದು ತಾತನ ಕೈಯನ್ನೇ ನೋಡಿದಳು. ಅದು ಒಂಚೂರೂ ಅಲುಗಲಿಲ್ಲ.

ಮದುವೆಯ ದಿನ ಚರ್ಚಿನ ಗಂಟೆ ಬಾರಿಸಿದಾಗ ಸವರಿಯಪ್ಪನವರು ಕೋಟಿನಿಂದ ಗಡಿಯಾರ ತೆಗೆದು ಚಂದ್ರಿಗೆ ತೋರಿಸಿದರು. ಸಮಯ ಸರಿಯಾಗಿತ್ತು.

ಗೋಡೆಯ ಗಡಿಯಾರಗಳು ತಂತಮ್ಮ ಮೊಳೆಗೆ ಮರಳಿದವು. ಅಯಸ್ಕಾಂತ ಅಡುಗೆಮನೆಯ ಅಟ್ಟ ಸೇರಿತು.

ಸಂಜೆ ಅಜ್ಜಿ ಕಾಫಿ ತಂದರು. ತಾತ ಲೋಟ ಎತ್ತಿದಾಗ ಕಾಫಿ ತುಳುಕಿತು, ಸ್ವಲ್ಪವೇ. ತಾತ ಗಮನಿಸಲಿಲ್ಲ. ಚಂದ್ರಿ ನೋಡಿದಳು.

ತಾತ ಮತ್ತೆ ಚಿಮಟ ಹಿಡಿದಾಗ, ಅವಳು ತನ್ನ ಸ್ಟೂಲನ್ನು ಮೇಜಿನ ಹತ್ತಿರಕ್ಕೆ ಎಳೆದುಕೊಂಡು, ಅವರ ಬೆರಳುಗಳ ಕೆಳಗೆ ಒಂದು ತಟ್ಟೆ ಹಿಡಿದು ಕೂತಳು.