ಫಿಲ್ಟರ್ ಹಾಕಿದ್ದು ಯಾರು?

"ಅಜ್ಜ, ಆ ಡಬ್ಬ ಅಲ್ಲ, ಅದರ ಪಕ್ಕದ್ದು," ಎಂದ ಚಿಕ್ಕಪ್ಪ.

"ಯಾವ ಪಕ್ಕದ್ದಪ್ಪಾ? ಎಡಗಡೆದೋ, ಬಲಗಡೆದೋ? ಏಣಿ ಮೇಲೆ ನಿಂತಿರೋನು ನಾನು, ನೀನಲ್ಲ," ಎಂದು ಸ್ಪೇರ್ ಪಾರ್ಟ್ಸ್ ಅಂಗಡಿಯ ಅಜ್ಜ ಮೇಲಿನಿಂದಲೇ ಗದರಿದರು.

ಮೆಣಸಿಗೆ ನಗು ಬಂತು. ಅವಳ ನಿಜವಾದ ಹೆಸರು ಶಾಲೆಯ ಹಾಜರಿ ಪುಸ್ತಕದಲ್ಲಿ ಮಾತ್ರ ಇತ್ತು. ಸಣ್ಣಗೆ, ಚುರುಕಾಗಿದ್ದಾಳೆ ಎಂದು ಚಿಕ್ಕಪ್ಪ ಇಟ್ಟ ಹೆಸರೇ ಮನೆಯಲ್ಲೂ ಬೀದಿಯಲ್ಲೂ ನಿಂತುಬಿಟ್ಟಿತ್ತು.

ಅಜ್ಜ ಇಳಿದು ಬಂದು ಮೂರು ಡಬ್ಬಗಳನ್ನು ಸಾಲಾಗಿ ಇಟ್ಟರು. ಇಂಜಿನ್ ಎಣ್ಣೆ ಬೇಕಾಗಿದ್ದುದು ಮೆಣಸಿನ ಮನೆಯ ಹಳೇ ವ್ಯಾನಿಗೆ. ಅವರದು ಬಟ್ಟೆ ಒಗೆಯುವ ಲಾಂಡ್ರಿ. ದಿನಾ ಬೆಳಗ್ಗೆ ಆಸ್ಪತ್ರೆಯ ಕೊಳೆ ಶೀಟುಗಳನ್ನು ತರುವುದು, ಒಗೆದ ಶೀಟುಗಳನ್ನು ಮುಟ್ಟಿಸುವುದು, ಎಲ್ಲಾ ಆ ವ್ಯಾನಿನಲ್ಲೇ. ಅದನ್ನು ಓಡಿಸುತ್ತಿದ್ದುದು ಅಪ್ಪ. ಹೋದ ವಾರ ಸೋಪಿನ ನೀರಿನ ಮೇಲೆ ಜಾರಿ ಬಿದ್ದು ಅವನ ಬಲಗೈ ಮುರಿದಿತ್ತು. ಕೈಗೆ ಬಿಳೀ ಪ್ಲಾಸ್ಟರ್ ಬಿದ್ದಿತ್ತು, ವ್ಯಾನಿನ ಕೀ ಚಿಕ್ಕಪ್ಪನ ಜೇಬಿಗೆ ಬಿದ್ದಿತ್ತು.

"ಎಷ್ಟು ಓಡಿದೆ ಈಗ?" ಎಂದು ಅಜ್ಜ ಕೇಳಿದರು.

"ಮೀಟರಿನ ಮಾತು ಬೇಡ ಅಜ್ಜ. ಎರಡು ಸಲ ಸೊನ್ನೆಗೆ ಬಂದು, ಮೂರನೇ ಸಲ ಹೊರಟಿದೆ."

"ಹಾಗಾದ್ರೆ ಕೇಳು. ಇದು ನಿಮ್ಮಣ್ಣ ಯಾವಾಗಲೂ ತಗೊಳ್ಳೋ ದಪ್ಪ ಎಣ್ಣೆ. ಇದು ಹೊಸ ಗಾಡಿಗಳಿಗೆ, ನೀರಿನ ಹಾಗೆ ಹರಿಯುತ್ತೆ, ನಿಮಗೆ ಬೇಡ. ಇದು ಇದೆಯಲ್ಲ, ಇದನ್ನ ವಯಸ್ಸಾದ ಗಾಡಿಗಳಿಗೇ ಅಂತ ಮಾಡಿರೋದು."

"ವಯಸ್ಸಾದ ಗಾಡಿಗೆ ಬೇರೆ ಎಣ್ಣೆನಾ?" ಎಂದಳು ಮೆಣಸು.

"ಮತ್ತೆ? ನನಗೂ ನಿನಗೂ ಒಂದೇ ಊಟ ಆಗುತ್ತೇನೇ? ನೀನು ಕಲ್ಲು ಕೊಟ್ರೂ ಅಗೀತೀಯ. ನನಗೆ ಇರೋದೇ ನಾಲ್ಕು ಹಲ್ಲು. ಹಳೇ ಇಂಜಿನ್ ಒಳಗೆ ಎಲ್ಲ ಸವೆದು ಸಂದು ದೊಡ್ಡದಾಗಿರುತ್ತೆ, ರಬ್ಬರೆಲ್ಲ ಒಣಗಿರುತ್ತೆ. ತೀರಾ ತೆಳು ಎಣ್ಣೆ ಹಾಕಿದ್ರೆ ಸೋರುತ್ತೆ. ತೀರಾ ದಪ್ಪ ಹಾಕಿದ್ರೆ ಬೆಳಗ್ಗೆ ಚಳಿಗೆ ಮೇಲೇರೋಕೆ ಸೋಮಾರಿತನ ಮಾಡುತ್ತೆ. ಇದು ನಡುವಿನದು. ಒಣಗಿದ ರಬ್ಬರನ್ನೂ ಒಂಚೂರು ಮೆತ್ತಗೆ ಮಾಡುತ್ತೆ."

ಚಿಕ್ಕಪ್ಪ ತಲೆ ಕೆರೆದುಕೊಂಡ. "ಅಣ್ಣ ಬೈತಾನೆ ಅಜ್ಜ."

"ಬೈದ್ರೆ ನನ್ನ ಹೆಸರು ಹೇಳು."

ಎಣ್ಣೆ ಸೋಸುವ ಫಿಲ್ಟರ್ ಆರಿಸುವ ಕೆಲಸ ಮೆಣಸಿನದು. ಅಪ್ಪ ಹಳೇ ಫಿಲ್ಟರಿನ ರಟ್ಟಿನ ಡಬ್ಬ ಕೊಟ್ಟು ಕಳಿಸಿದ್ದ. ಅದರ ನಂಬರಿಗೆ ಹೊಂದುವ ಎರಡು ಫಿಲ್ಟರುಗಳನ್ನು ಅಜ್ಜ ಅವಳ ಎರಡೂ ಕೈಗೆ ಕೊಟ್ಟರು. ಒಂದು ಹಗುರ, ಒಂದು ಭಾರ.

"ಭಾರದ್ದರ ಒಳಗೆ ಇಣುಕಿ ನೋಡು. ರಬ್ಬರಿನ ಮುಚ್ಚಳ ಇದೆಯಾ? ರಾತ್ರಿಯೆಲ್ಲ ವ್ಯಾನ್ ನಿಂತಾಗ ಎಣ್ಣೆ ಕೆಳಗಿಳಿಯದ ಹಾಗೆ ಅದು ಹಿಡಿದಿಡುತ್ತೆ. ಬೆಳಗ್ಗೆ ಸ್ಟಾರ್ಟ್ ಮಾಡಿದಾಗ ಟಕಟಕ ಅನ್ನೋದು ಕಮ್ಮಿಯಾಗುತ್ತೆ."

"ಇದೇ ಇರ್ಲಿ," ಎಂದಳು ಮೆಣಸು, ಮಹಾ ತಿಳಿದವಳ ಹಾಗೆ.

ಮನೆಗೆ ಬಂದರೆ ಅಪ್ಪನ ಮುಖ ಗಂಟಾಯಿತು.

"ನಾನು ಹೇಳಿದ್ದೇನು, ನೀನು ತಂದಿದ್ದೇನು?"

"ಅಂಗಡಿ ಅಜ್ಜ ಹೇಳಿದ್ರು ಅಣ್ಣ. ಹಳೇ ಗಾಡಿಗೆ ಇದೇ ಒಳ್ಳೇದಂತೆ."

"ಅವರು ಅಂಗಡಿ ನಡೆಸ್ತಾರೆ. ವ್ಯಾನ್ ನಡೆಸಿದೋನು ನಾನು. ಇಷ್ಟು ವರ್ಷ ಒಂದೇ ಎಣ್ಣೆ ಹಾಕಿದ್ದೀನಿ." ಪ್ಲಾಸ್ಟರ್ ಕೈಯನ್ನು ಎತ್ತಲಾರದೆ ಎತ್ತಿದ. "ಆಯ್ತು, ಹಾಕು. ನಾಳೆ ಏನಾದ್ರೂ ಆದ್ರೆ ನನ್ನ ಹತ್ರ ಬರಬೇಡ."

ಚಿಕ್ಕಪ್ಪ ವ್ಯಾನಿನ ಮುಂದಿನ ಚಕ್ರಗಳನ್ನು ಇಳಿಜಾರು ಹಲಗೆಗಳ ಮೇಲೆ ಹತ್ತಿಸಿ, ಹಿಂದಿನ ಚಕ್ರಗಳಿಗೆ ಕಲ್ಲು ಕೊಟ್ಟ. ಅಪ್ಪ ಕಲ್ಲುಗಳನ್ನು ಎರಡೆರಡು ಸಲ ಒದ್ದು ನೋಡಿದ. ಆದರೆ ಅಡಿಯಲ್ಲಿ ಮಲಗುವವರು ಯಾರು? ಚಿಕ್ಕಪ್ಪನ ಹೊಟ್ಟೆ ನುಗ್ಗದು.

"ನಾನು ಹೋಗ್ತೀನಿ," ಎಂದಳು ಮೆಣಸು.

ಅಪ್ಪ ಸ್ಟೂಲ್ ಮೇಲೆ ಕೂತು ಹೇಳುತ್ತಾ ಹೋದ, ಅವಳು ಮಾಡುತ್ತಾ ಹೋದಳು. ಕೆಳಗಿನ ಬೋಲ್ಟ್ ಬಿಚ್ಚಿದಳು. ಕಪ್ಪು ಎಣ್ಣೆ ಬೆಚ್ಚಗೆ ತಟ್ಟೆಗೆ ಸುರಿಯಿತು. ಪೂರ್ತಿ ಇಳಿದ ಮೇಲೆ ಬೋಲ್ಟ್ ಬಿಗಿದು, ಹಳೇ ಫಿಲ್ಟರನ್ನು ಎರಡೂ ಕೈಯಿಂದ ತಿರುಗಿಸಿದಳು. ಅದು ಬಿಚ್ಚಿಕೊಂಡಿದ್ದೇ ತಡ, ಕೈಯಿಂದ ಜಾರಿ ಎಣ್ಣೆಯ ತಟ್ಟೆಯೊಳಗೆ ಬುಳುಕ್ ಎಂದು ಮುಳುಗಿತು. ಒಂದು ಹನಿ ಸಿಡಿದು ಕೆನ್ನೆಗೆ ಬಿತ್ತು.

ಆಗಲೇ ಬೀದಿಯಿಂದ ಕೂಗು ಕೇಳಿಸಿತು. "ಮೆಣಸೂ! ಬರ್ತೀಯೋ ಇಲ್ವೋ? ನಿನ್ನ ಟೀಮಲ್ಲಿ ಒಬ್ರು ಕಮ್ಮಿ!"

"ಬಂದೇ! ಐದೇ ನಿಮಿಷ!"

"ಫಿಲ್ಟರ್ ಬಾಯಿಯ ಹಳೇ ರಬ್ಬರ್ ರಿಂಗು ಅದರ ಜೊತೆಗೇ ಬಂತಾ?" ಎಂದು ಅಪ್ಪ ಕೇಳಿದ. "ಕೆಲವು ಸಲ ಇಂಜಿನ್ನಿಗೇ ಅಂಟ್ಕೊಂಡಿರುತ್ತೆ. ಬೆರಳಾಡಿಸಿ ನೋಡು."

ಮೆಣಸು ಮೇಲೆ ನೋಡಿದಳು. ಕಪ್ಪು ಕಬ್ಬಿಣ, ಕಪ್ಪು ಎಣ್ಣೆ, ಎಲ್ಲಾ ಕಪ್ಪೇ. ಹಳೇ ಫಿಲ್ಟರ್ ತಟ್ಟೆಯ ತಳದಲ್ಲಿತ್ತು. ಅದನ್ನು ತೆಗೆದು ನೋಡಬೇಕೆಂದರೆ ಮೊಣಕೈವರೆಗೂ ಎಣ್ಣೆ.

"ಬಂತು," ಎಂದಳು.

"ಹೊಸ ರಿಂಗಿಗೆ ಎಣ್ಣೆ ಬೊಟ್ಟು ಇಡು."

ಆ ಕೆಲಸ ಅವಳಿಗೆ ಇಷ್ಟ. ಹೊಸ ಎಣ್ಣೆಯಲ್ಲಿ ಬೆರಳದ್ದಿ ಹೊಸ ಫಿಲ್ಟರಿನ ರಿಂಗಿಗೆ ಸುತ್ತಲೂ ನಯವಾಗಿ ಸವರಿದಳು. ಫಿಲ್ಟರ್ ಕೂರಿಸಿ ತಿರುಗಿಸಿದಳು. ಚಿಕ್ಕಪ್ಪ ಮೇಲಿನಿಂದ ಎಣ್ಣೆ ಹುಯ್ದು ಇಂಜಿನ್ ಸ್ಟಾರ್ಟ್ ಮಾಡಿದ. ಮೂವರೂ ಬಗ್ಗಿ ನೋಡಿದರು. ಒಂದು ಹನಿಯೂ ಬೀಳಲಿಲ್ಲ.

ಮೆಣಸು ಆಟಕ್ಕೆ ಓಡಿದಳು.

* * *

ಮರುದಿನ ಶಾಲೆಯಿಂದ ಬಂದಾಗ ಲಾಂಡ್ರಿಯ ಮುಂದೆ ವ್ಯಾನ್ ಇರಲಿಲ್ಲ. ಒಗೆಯದ ಶೀಟುಗಳ ಗಂಟುಗಳು ಬಾಗಿಲಲ್ಲಿ ರಾಶಿ ಬಿದ್ದಿದ್ದವು. ಒಳಗೆ ಅಪ್ಪನ ದನಿ ಏರಿತ್ತು.

"ಬೇಡ ಅಂದ್ನೋ ಇಲ್ವೋ? ಇಪ್ಪತ್ತು ವರ್ಷ ಓಡಿದ ಇಂಜಿನ್ನು ಒಂದೇ ದಿನದಲ್ಲಿ ಹಿಡ್ಕೊಂಡು ನಿಂತೋಯ್ತು ಅಂದ್ರೆ ಏನರ್ಥ?"

"ಎಣ್ಣೆಯೆಲ್ಲ ರಸ್ತೆಗೆ ಸೋರಿತ್ತು ಅಣ್ಣ," ಎಂದ ಚಿಕ್ಕಪ್ಪ.

"ಸೋರದೆ ಇನ್ನೇನು? ಅಂಥ ಎಣ್ಣೆ ತಂದಿದ್ದೀಯ!"

ಚಿಕ್ಕಪ್ಪ ಕೀಯನ್ನು ಇಸ್ತ್ರಿ ಮೇಜಿನ ಮೇಲಿಟ್ಟು ಹೊರಗೆ ನಡೆದ. ಮೆಣಸಿನ ಪಕ್ಕದಲ್ಲೇ ಹಾದುಹೋದರೂ ಅವಳ ಜಡೆ ಎಳೆಯಲಿಲ್ಲ. ಸಂಜೆಗೆ ಅವನ ಬ್ಯಾಗೂ ಮನೆಯಲ್ಲಿರಲಿಲ್ಲ. ಸ್ನೇಹಿತನ ಟೈರ್ ಅಂಗಡಿಯಲ್ಲಿ ಇರ್ತಾನಂತೆ ಎಂದಳು ಅಮ್ಮ.

ಶನಿವಾರ ಅಪ್ಪ ವ್ಯಾನನ್ನು ಎಳೆದು ಬಿಟ್ಟಿದ್ದ ಗ್ಯಾರೇಜಿಗೆ ಹೊರಟಾಗ ಮೆಣಸೂ ಹಿಂದೆ ಹೋದಳು. ಮೆಕ್ಯಾನಿಕ್ ಫಿಲ್ಟರ್ ಬಿಚ್ಚಿ, ಇಂಜಿನ್ನಿಗೆ ಉಗುರು ಹಾಕಿ ಏನನ್ನೋ ಕಿತ್ತ. ಅಂಗೈ ಚಾಚಿದ.

ಅದರಲ್ಲಿ ಎರಡು ರಬ್ಬರ್ ರಿಂಗುಗಳಿದ್ದವು. ಒಂದು ಹೊಸದು. ಒಂದು ಹಳೆಯದು, ಚಪ್ಪಟೆ, ಬಿರುಕು ಬಿಟ್ಟದ್ದು.

"ನೋಡ್ರೀ, ಒಂದರ ಮೇಲೊಂದು! ಹೀಗೆ ಕೂತ್ರೆ ಗಾಡಿ ನಿಂತಾಗ ಏನೂ ಆಗಲ್ಲ. ಜೋರಾಗಿ ಓಡಿಸಿದಾಗ ಒತ್ತಡಕ್ಕೆ ರಿಂಗು ಜರುಗಿ ಎಣ್ಣೆಯೆಲ್ಲ ಹೊರಗೆ. ಎಣ್ಣೆ ಚೆನ್ನಾಗೇ ಇತ್ತು, ಪಾಪ. ಫಿಲ್ಟರ್ ಹಾಕಿದ್ದು ಯಾರು?"

ಮೆಣಸು ಅಪ್ಪನ ಹಿಂದಕ್ಕೆ ಅರ್ಧ ಹೆಜ್ಜೆ ಸರಿದಳು.

"ನಾನೇ," ಎಂದ ಅಪ್ಪ.

ಮೆಕ್ಯಾನಿಕ್ ಅಪ್ಪನ ಪ್ಲಾಸ್ಟರ್ ಕೈ ನೋಡಿದ. ಆಮೇಲೆ ಮೆಣಸನ್ನು ನೋಡಿದ. ಮತ್ತೇನೂ ಕೇಳದೆ ಕೈ ಒರೆಸಿಕೊಂಡ. "ಇಂಜಿನ್ ಕತೆ ಮುಗೀತು. ಇಷ್ಟು ಹಳೇದಕ್ಕೆ ಒಳಗಿನ ಪಾರ್ಟುಗಳೂ ಸಿಗಲ್ಲ. ಗುಜರಿಗೆ ಹೇಳಿಬಿಡಿ."

ಮನೆಗೆ ಬರುವ ದಾರಿಯುದ್ದಕ್ಕೂ ಮೆಣಸು ಬೈಗುಳಕ್ಕೆ ಕಾದಳು. ತಿರುವು ಬಂತು, ಲಾಂಡ್ರಿ ಬಂತು, ಬೈಗುಳ ಬರಲಿಲ್ಲ.

ಊಟಕ್ಕೆ ಕೂತಾಗ ಅಮ್ಮ, "ನನ್ನ ಮೈದುನಂಗೆ ಬುದ್ಧಿ ಯಾವಾಗ ಬರುತ್ತೋ. ಅವನು ಅಣ್ಣನ ಮಾತು ಕೇಳಿದ್ರೆ ಇವತ್ತು ಹೀಗಾಗ್ತಿತ್ತಾ?" ಎಂದಳು.

ಮೆಣಸು ಅಪ್ಪನ ಕಡೆ ನೋಡಿದಳು. ಅಪ್ಪ ಎಡಗೈಯಲ್ಲಿ ಚಮಚ ಹಿಡಿದು ತಟ್ಟೆಯನ್ನೇ ನೋಡುತ್ತಿದ್ದ. ಅಲ್ಲ ಕಣೇ, ಎನ್ನಲಿಲ್ಲ.

ಅಪ್ಪ ತನ್ನನ್ನು ಬಚ್ಚಿಡುತ್ತಿದ್ದಾನೆ ಎಂದು ಅವಳಿಗೆ ಗೊತ್ತಾಯಿತು. ಕಲಸಿದ ಅನ್ನವನ್ನು ತಟ್ಟೆಯ ಅಂಚಿಗೆ ಸರಿಸಿದಳು.

* * *

ಸೋಮವಾರ ಶಾಲೆ ಬಿಟ್ಟ ಮೇಲೆ ಅವಳು ಟೈರ್ ಅಂಗಡಿಗೆ ಹೋದಳು. ಚಿಕ್ಕಪ್ಪ ನೀರಿನ ತೊಟ್ಟಿಯಲ್ಲಿ ಟ್ಯೂಬ್ ಮುಳುಗಿಸಿ ಎಲ್ಲಿ ಗುಳ್ಳೆ ಏಳುತ್ತದೆಂದು ನೋಡುತ್ತಿದ್ದ.

"ಏನೇ ಮೆಣಸು, ದಾರಿ ತಪ್ಪಿ ಬಂದ್ಯಾ?"

"ಚಿಕ್ಕಪ್ಪ, ಎಣ್ಣೆಯಿಂದ ಆಗಿದ್ದಲ್ಲ." ಅವಳು ಒಂದೇ ಉಸಿರಿಗೆ ಹೇಳಿದಳು. "ಹಳೇ ರಿಂಗು ಇಂಜಿನ್ನಲ್ಲೇ ಇತ್ತು. ನಾನು ನೋಡದೇನೇ ಬಂತು ಅಂದೆ. ಆಟಕ್ಕೆ ಹೋಗ್ಬೇಕಿತ್ತು. ಮೆಕ್ಯಾನಿಕ್ ಎರಡು ರಿಂಗೂ ತೋರಿಸ್ದ."

ಚಿಕ್ಕಪ್ಪನ ಕೈ ನೀರಿನಲ್ಲೇ ನಿಂತಿತು.

"ಯಾರಿಗೆ ತೋರಿಸ್ದ?"

"ಅಪ್ಪಂಗೆ."

"ಯಾವಾಗ?"

"ಶನಿವಾರ."

ಹೇಳಿದ ಮೇಲೆ ಅವಳಿಗೆ ತಾನು ಏನು ಹೇಳಿಬಿಟ್ಟೆ ಎಂದು ಹೊಳೆಯಿತು. ಚಿಕ್ಕಪ್ಪನ ಮುಖ ಸಣ್ಣದಾಗಿತ್ತು. ರಿಂಗಿನ ಮಾತಿಗೆ ಅಲ್ಲ, ಶನಿವಾರ ಎಂಬ ಮಾತಿಗೆ.

"ಅಣ್ಣಂಗೆ ಶನಿವಾರವೇ ಗೊತ್ತಿತ್ತು," ಎಂದ ಅವನು, ತೊಟ್ಟಿಗೆ ಹೇಳುವ ಹಾಗೆ.

"ಅಪ್ಪ ನನಗೋಸ್ಕರ..." ಎಂದಳು.

ಚಿಕ್ಕಪ್ಪ ಟ್ಯೂಬನ್ನು ಹೊರತೆಗೆದು ಗೋಡೆಗೆ ಒರಗಿಸಿದ. "ನೀನು ಮನೆಗೆ ಹೋಗು. ಕತ್ತಲಾಗುತ್ತೆ," ಎಂದ. ಅವಳು ರಸ್ತೆ ದಾಟಿ ತಿರುಗಿ ನೋಡಿದಳು. ಅವನು ಅಲ್ಲೇ ನಿಂತಿದ್ದ. ಕೈಯಿಂದ ನೀರು ತೊಟ್ಟಿಕ್ಕುತ್ತಿತ್ತು.

ಅಂದು ಸಂಜೆ ಅವಳು ಅಪ್ಪನಿಗೆ, "ನಾನು ಚಿಕ್ಕಪ್ಪಂಗೆ ಹೇಳಿದೆ," ಎಂದಳು. ಅಪ್ಪ ಶೀಟು ಮಡಿಸುತ್ತಿದ್ದ. ಒಂದು ತುದಿಯನ್ನು ಗಲ್ಲದಡಿ ಒತ್ತಿ, ಇನ್ನೊಂದನ್ನು ಎಡಗೈಯಲ್ಲಿ ಹಿಡಿದು. ಶೀಟು ಜಾರಿ ಕೆಳಗೆ ಬಿತ್ತು. "ಹೂಂ," ಎಂದು ಬಗ್ಗಿ ಎತ್ತಿಕೊಂಡ, ಅಷ್ಟೇ.

* * *

ಗುಜರಿಯವನ ಲಾರಿ ಬಂದದ್ದು ಗುರುವಾರ ಬೆಳಗ್ಗೆ. ಅದು ಗ್ಯಾರೇಜಿನ ಓಣಿಯೊಳಗೆ ನುಗ್ಗಲಿಲ್ಲ. ಶಾಲೆಗೆ ಮುಂಚೆ ಮೆಣಸೂ ಅಪ್ಪನ ಜೊತೆ ಬಂದಿದ್ದಳು.

"ವ್ಯಾನನ್ನ ರಸ್ತೆವರೆಗೂ ತಳ್ಳಬೇಕು. ಸ್ಟೀರಿಂಗ್ ಹಿಡಿಯೋಕೆ ಒಬ್ರು ಬೇಕು," ಎಂದ ಗುಜರಿಯವನು.

ಅಪ್ಪ ತನ್ನ ಪ್ಲಾಸ್ಟರ್ ನೋಡಿಕೊಂಡ. ಅಷ್ಟರಲ್ಲಿ ಓಣಿಯ ತುದಿಯಲ್ಲಿ ಚಿಕ್ಕಪ್ಪ ಕಾಣಿಸಿಕೊಂಡ. ಮೆಕ್ಯಾನಿಕ್ ಹೇಳಿಕಳಿಸಿದ್ದನೋ, ತಾನೇ ಬಂದಿದ್ದನೋ. ನೆಟ್ಟಗೆ ಬಂದು ವ್ಯಾನಿನ ಬಾಗಿಲು ತೆಗೆದ.

"ಎಣ್ಣೆ ಸರಿಯಾಗೇ ಇತ್ತು," ಎಂದ ಅಪ್ಪ. ಅವನು ಚಿಕ್ಕಪ್ಪನ ಮುಖ ನೋಡಲಿಲ್ಲ, ಚಕ್ರ ನೋಡುತ್ತಿದ್ದ. "ನಾನು ಅವತ್ತೇ ಹೇಳಬೇಕಿತ್ತು."

ಚಿಕ್ಕಪ್ಪ ಒಂದು ಕಾಲು ಒಳಗಿಟ್ಟವನು ಹಾಗೇ ನಿಂತ.

"ಮೀಟರಿನ ಪಕ್ಕ ಎಣ್ಣೆಯ ಕೆಂಪು ಲೈಟು ಉರಿದಿತ್ತು ಅಣ್ಣ," ಎಂದ. "ಆಸ್ಪತ್ರೆ ಇನ್ನೆರಡೇ ತಿರುವು ಅಂತ ಓಡಿಸಿಬಿಟ್ಟೆ. ಅಲ್ಲೇ ನಿಲ್ಲಿಸಿದ್ರೆ ಇಂಜಿನ್ ಉಳೀತಿತ್ತು."

ಅಪ್ಪ ತಲೆಯಾಡಿಸಿದ. ಚಿಕ್ಕಪ್ಪ ಒಳಗೆ ಕೂತು ಸ್ಟೀರಿಂಗ್ ಹಿಡಿದ. ಅವರಿಬ್ಬರೂ ನಗಲಿಲ್ಲ, ಒಬ್ಬರ ಹೆಗಲು ಒಬ್ಬರು ತಟ್ಟಲಿಲ್ಲ.

ಈಗಲಾದರೂ ಯಾರಾದರೂ ತನ್ನನ್ನು ಬೈಯಬಾರದೇ ಎಂದುಕೊಂಡಳು ಮೆಣಸು. ಯಾರೂ ಬೈಯಲಿಲ್ಲ. ಬೈದರೆ ಅತ್ತು ಮುಗಿಸಬಹುದಿತ್ತು.

ಅವಳು ಹಿಂದಕ್ಕೆ ಹೋಗಿ, ಅಪ್ಪನ ಎಡಗೈಯ ಪಕ್ಕದಲ್ಲಿ ತನ್ನ ಎರಡೂ ಕೈ ಊರಿದಳು. ಮೆಕ್ಯಾನಿಕ್ಕೂ ಗುಜರಿಯವನೂ ಆಚೆ ಬದಿಗೆ ಹೆಗಲು ಕೊಟ್ಟರು.

"ತಳ್ಳಿ!" ಎಂದ ಚಿಕ್ಕಪ್ಪ ಒಳಗಿನಿಂದ.

ವ್ಯಾನ್ ಅಲುಗಲಿಲ್ಲ. ಅವಳು ಚಪ್ಪಲಿ ಬಿಟ್ಟು, ಬರಿಗಾಲನ್ನು ನೆಲಕ್ಕೆ ಒತ್ತಿ ಇನ್ನೊಮ್ಮೆ ತಳ್ಳಿದಳು. ಪಕ್ಕದಲ್ಲಿ ಅಪ್ಪನ ಉಸಿರು ಜೋರಾಗಿ ಕೇಳಿಸುತ್ತಿತ್ತು. ನಿಧಾನಕ್ಕೆ, ಇಷ್ಟಿಷ್ಟೇ, ಚಕ್ರಗಳು ಉರುಳತೊಡಗಿದವು.

ಹುಟ್ಟಿದಾಗಿನಿಂದ ಅವಳು ಈ ವ್ಯಾನಿನೊಳಗೆ ಕೂತಿದ್ದಳು, ಶೀಟಿನ ಗಂಟುಗಳ ಮೇಲೆ ನಿದ್ದೆ ಮಾಡಿದ್ದಳು. ಇದು ಇಷ್ಟು ಭಾರ ಎಂದು ಒಂದು ದಿನವೂ ಅನ್ನಿಸಿರಲಿಲ್ಲ.