ಎಡಗೈ ಇಲ್ಲದ ಕುರ್ಚಿ

"ಈ ಡಬ್ಬಿ ನಿಮ್ಮದಾ?"

ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತು ಹಾಗೆ ಕೇಳಿದವಳು ಶಾಲೆಗೆ ಹೊಸದಾಗಿ ಬಂದ ಡ್ರಾಯಿಂಗ್ ಟೀಚರ್. ಕಣ್ಣಲ್ಲಿ ಕೆಂಡ. ಎಡಗೈಯಲ್ಲಿ ಹುಡುಗರಿಂದ ಕಿತ್ತುಕೊಂಡು ಬಂದ ಗ್ರಾಫ್ ಕ್ಯಾಲ್ಕುಲೇಟರ್. ಅದರ ಪುಟ್ಟ ಪರದೆಯ ಮೇಲೆ ಬರೀ ಗೆರೆಗಳ ಒಂದು ಪೆಟ್ಟಿಗೆ ನಿಧಾನವಾಗಿ ತಿರುಗುತ್ತಿತ್ತು.

ಆ ಪ್ರೋಗ್ರಾಂ ಬರೆದವನು ಅಲ್ಲೇ ಟೀ ಕುಡಿಯುತ್ತಾ ಕೂತಿದ್ದ, ಲೆಕ್ಕ ಕಲಿಸುವ ಮೇಷ್ಟ್ರು. ಪಾಠದ ಹೊತ್ತಲ್ಲಿ ಆಟ ಆಡಿಸುತ್ತೀರಾ ಎಂದು ಬೈಸಿಕೊಳ್ಳಲು ತಯಾರಾಗಿ ಎದ್ದು ನಿಂತ. ಅವಳು ಬೈದದ್ದು ಬೇರೆ ಕಾರಣಕ್ಕೆ.

"ಹಿಂದಿನ ಗೆರೆ ಮುಂದಿನದರಷ್ಟೇ ಉದ್ದ ಇದೆಯಲ್ಲ ಸಾರ್. ದೂರದ್ದು ಚಿಕ್ಕದಾಗಿ ಕಾಣಬೇಕು ಅಂತ ನಾನು ಬೋರ್ಡ್ ಮೇಲೆ ಗಂಟಲು ಹರ್ಕೊಳ್ತಿದ್ರೆ, ನೀವು ಮಕ್ಕಳ ಅಂಗೈಯಲ್ಲಿ ತಪ್ಪು ಕಲಿಸ್ತಿದ್ದೀರ."

"ಚಿಕ್ಕದು ಮಾಡೋಕೆ ಒಂದೊಂದು ಮೂಲೆಗೂ ಭಾಗಾಕಾರ ಮಾಡಬೇಕು ಮೇಡಂ. ಇದು ಬಡಪಾಯಿ ಯಂತ್ರ, ತುಂಬಾ ಹೊತ್ತು ತಗೊಳ್ಳುತ್ತೆ."

"ತಗೊಳ್ಳಲಿ. ಕಾಯೋಣ."

ಕಾಯಿರಿ ಅನ್ನಲಿಲ್ಲ... ಕಾಯೋಣ ಅಂದಳು! ಪಾಪ, ಅವನ ಟೀ ಅಲ್ಲೇ ಆರಿಹೋಯಿತು.

ಅಂದಿನಿಂದ ಶಾಲೆ ಬಿಟ್ಟ ಮೇಲೆ ಇಬ್ಬರೂ ಲ್ಯಾಬಿನ ಕಿಟಕಿ ಪಕ್ಕದ ಬೆಂಚಿನಲ್ಲಿ ಕೂರತೊಡಗಿದರು. ಪ್ರೋಗ್ರಾಂ ಅವನದು, ಆಕಾರಗಳು ಅವಳವು. ಪ್ರತಿ ಮೂಲೆಗೂ ಒಂದು ಸಂಖ್ಯೆ ಕೊಡಬೇಕು, ಯಾವ ಮೂಲೆಯಿಂದ ಯಾವ ಮೂಲೆಗೆ ಗೆರೆ ಅಂತ ಹೇಳಬೇಕು. ಆಗ ತಂತಿಯಲ್ಲಿ ಕಟ್ಟಿದ ಹಾಗೆ ಮನೆಯೋ ದೋಣಿಯೋ ಪರದೆಯ ಮೇಲೆ ಎದ್ದು ನಿಲ್ಲುತ್ತಿತ್ತು. ಯಂತ್ರ ನಿಧಾನವಾದ್ದರಿಂದ ಗೆರೆಗಳು ಒಂದಾದ ಮೇಲೊಂದು, ಒತ್ತಿದ ಕ್ರಮದಲ್ಲೇ ಬರುತ್ತಿದ್ದವು. ಆ ಕ್ರಮ ನೋಡಿದರೆ ಸಾಕು, ಯಾರ ಕೈಕೆಲಸ ಅಂತ ಇಬ್ಬರಿಗೂ ಗೊತ್ತಾಗುತ್ತಿತ್ತು. ಅವಳ ಮನೆ ಹೊಸ್ತಿಲಿನಿಂದ ಶುರುವಾದರೆ ಅವನದು ಛಾವಣಿಯಿಂದ.

ಗೋಡೆ ಇಲ್ಲದೆ ಛಾವಣಿ ನಿಲ್ಲಿಸುವ ಮಹಾನುಭಾವರು ಎಂದು ಅವಳು ಕಾಡಿಸುತ್ತಿದ್ದಳು. ಅವನು ನಗುತ್ತಿದ್ದ. ಇಬ್ಬರ ಮನಸ್ಸಲ್ಲೂ ಏನಿದೆ ಅಂತ ಜವಾನನಿಂದ ಹಿಡಿದು ಹೆಡ್‌ಮಾಸ್ಟರರವರೆಗೆ ಎಲ್ಲರಿಗೂ ತಿಳಿದಿತ್ತು. ಬಾಯಿಬಿಟ್ಟು ಹೇಳದೆ ಉಳಿದವರು ಅವರಿಬ್ಬರೇ.

ಅವಳ ಅಪ್ಪ ಬಡಗಿ. ಅವಳು ಎಡಗೈಯಲ್ಲಿ ಬರೆಯುವವಳಾದ್ದರಿಂದ ಹುಟ್ಟುಹೆಸರು ಮರೆತವರಂತೆ 'ಎಡಚಿ' ಎಂದೇ ಕರೆಯುತ್ತಿದ್ದರು. ಆ ವರ್ಷ ಅವರು ಹಾಸಿಗೆ ಹಿಡಿದರು. ಉಳಿ ಹಿಡಿದರೆ ಕೈ ನಡುಗುತ್ತಿತ್ತು. ಒಂದು ಸಂಜೆ ಮಗಳ ಮಡಿಲಿನ ಕ್ಯಾಲ್ಕುಲೇಟರನ್ನು ಇಣುಕಿ ನೋಡಿ ಕೇಳಿದರು.

"ಇದಕ್ಕೆ ಮರ ಬೇಡ್ವಾ?"

"ಬೇಡಪ್ಪ."

"ಕೈ ಗಟ್ಟಿ ಇರಬೇಕಾ?"

"ಬಾಯಲ್ಲಿ ಹೇಳಿದ್ರೆ ಸಾಕು."

"ಹಾಗಾದ್ರೆ ಒತ್ಕೋ ಎಡಚಿ. ನೀನು ಮುದುಕಿಯಾದ ಮೇಲೆ ಕೂರೋಕೆ ಒಂದು ತೂಗುಕುರ್ಚಿ ಹೇಳ್ತೀನಿ. ಅಷ್ಟು ದಿನ ನಾನು ಇರಲ್ವಲ್ಲ..."

ಅಪ್ಪ ಮರದಲ್ಲಿ ಮಾಡುವ ಕ್ರಮದಲ್ಲೇ ಹೇಳುತ್ತಾ ಹೋದರು. ಮೊದಲು ಕೆಳಗಿನ ಬಾಗಿದ ಪಟ್ಟಿಗಳು, ಆಮೇಲೆ ಕಾಲು, ಪೀಠ, ಬಲಗೈ, ಬೆನ್ನು. ಅಷ್ಟರಲ್ಲಿ ಕೆಮ್ಮು ಬಂದು ನಿದ್ದೆಹೋದರು. ಮರುದಿನ ಬೆಳಿಗ್ಗೆ ಎದ್ದವರೇ ಗಾಬರಿಯಾದರು. ಎಡಗೈ ಬಿಟ್ಟೇಹೋಗಿದೆ! ಮಗಳನ್ನು ಹತ್ತಿರ ಕರೆದು, ಅವಳ ಮೊಣಕೈಗೆ ತಮ್ಮ ಗೇಣು ಹಿಡಿದು, ಕುರ್ಚಿಯ ಆ ಕೈಯನ್ನು ಸ್ವಲ್ಪ ತಗ್ಗಿಸಿ, ಅಗಲ ಮಾಡಿ ಹೇಳಿದರು. ಅವಳು ಅದರ ಮೇಲೆ ಹಲಗೆ ಇಟ್ಟುಕೊಂಡು ಚಿತ್ರ ಬರೆಯಬೇಕಲ್ಲ.

ಹಾಗಾಗಿ ಆ ಕುರ್ಚಿಯ ಎಡಗೈ ಯಾವಾಗಲೂ ಕೊನೆಗೆ ಬರುತ್ತಿತ್ತು.

ಅಪ್ಪ ಹೋದರು. ಆಮೇಲೆ ಅವಳು ದಿನಾ ಆ ಕುರ್ಚಿ ತೆರೆಯುತ್ತಿದ್ದಳು. ಪಟ್ಟಿ, ಕಾಲು, ಪೀಠ, ಬಲಗೈ, ಬೆನ್ನು... ಸ್ವಲ್ಪ ತಡೆದು ಎಡಗೈ. ಅಪ್ಪ ಈಗಷ್ಟೇ ನೆನಪಿಸಿಕೊಂಡು ಕರೆದ ಹಾಗೆ! ಅದನ್ನು ಇನ್ನೊಂದು ಯಂತ್ರಕ್ಕೆ ಕಾಪಿ ಮಾಡಿಡಲೇ ಎಂದು ಅವನು ಕೇಳಿದಾಗ ಅವಳು ಒಪ್ಪಲಿಲ್ಲ. ಅಪ್ಪ ಮಾಡಿದ್ದು ಒಂದೇ ಕುರ್ಚಿ, ಒಂದೇ ಇರಲಿ ಎಂದಳು.

ಆದರೂ ಶಾಲೆಯ ವಿಜ್ಞಾನ ಪ್ರದರ್ಶನಕ್ಕೆ ಮುಂಚೆ ಪ್ರೋಗ್ರಾಂ ಸ್ವಲ್ಪ ಚುರುಕು ಮಾಡಿಕೊಡುತ್ತೇನೆ ಎಂದಾಗ ಆ ಕ್ಯಾಲ್ಕುಲೇಟರನ್ನು ಅವನ ಕೈಗೇ ಕೊಟ್ಟಳು. ಬೇರೆ ಯಾರಿಗೂ ಕೊಡುತ್ತಿರಲಿಲ್ಲ.

ಅಲ್ಲಿಂದ ಅವನು ಬದಲಾದ. ಲ್ಯಾಬಿಗೆ ಬರುವುದು ಬಿಟ್ಟ. ಎದುರಿಗೆ ಸಿಕ್ಕರೆ ದಾರಿ ತಪ್ಪಿಸಿ ಹೋಗುತ್ತಿದ್ದ. ಕ್ಯಾಲ್ಕುಲೇಟರ್ ಕೇಳಿದರೆ ಇನ್ನೂ ಕೆಲಸ ಇದೆ ಅನ್ನುತ್ತಿದ್ದ. ನಾನೇನು ತಪ್ಪು ಮಾಡಿದೆ... ಅಪ್ಪ ಇಲ್ಲದವಳು ಎಲ್ಲಿ ಕೊರಳಿಗೆ ಬೀಳುತ್ತಾಳೋ ಅಂತ ಹೆದರಿದರಾ? ಅವಳು ಒಳಗೊಳಗೇ ಬೆಂದಳು.

ಪ್ರದರ್ಶನದ ದಿನ ಅವನ ಮೇಜಿನ ಸುತ್ತ ಜನವೋ ಜನ. ದೋಣಿ ತಿರುಗಿತು, ಮನೆ ತಿರುಗಿತು. ಅವಳು ಗುಂಪಿನ ಹಿಂದೆ ನಿಂತು ಕಾದಳು. ಕುರ್ಚಿ ಬರಲೇ ಇಲ್ಲ.

"ಮೇಷ್ಟ್ರೇ, ಅಪ್ಪನ ಕುರ್ಚಿ ತೋರಿಸ್ತೀರಾ?"

ಅವನ ಮುಖ ಬಿಳಿಚಿತು. "ಅದನ್ನ... ತೆಗೆದೆ. ಜಾಗ ಸಾಲಲಿಲ್ಲ."

ಎಲುಬಿಲ್ಲದ ನಾಲಿಗೆ ಎಂಥ ಮಾತನ್ನಾದರೂ ಆಡಿಬಿಡುತ್ತದೆ. ದೋಣಿಗೆ ಜಾಗ ಇದೆ, ಮನೆಗೆ ಜಾಗ ಇದೆ, ನಮ್ಮಪ್ಪನಿಗೆ ಜಾಗ ಇಲ್ಲ! ಅವಳು ಅಳಲಿಲ್ಲ, ಜಗಳ ಆಡಲಿಲ್ಲ. ಬ್ಯಾಗು ಎತ್ತಿಕೊಂಡು ಹೊರಟಳು. ವರ್ಷ ಮುಗಿಯುವ ಮೊದಲೇ ಊರಿನ ಇನ್ನೊಂದು ತುದಿಯ ಶಾಲೆಯಲ್ಲಿ ಕೆಲಸ ಹಿಡಿದಳು.

ಆ ಕುರ್ಚಿಯನ್ನು ಕಾಗದದ ಮೇಲೆ ಬರೆಯಲು ಎಷ್ಟೋ ಸಲ ಕೂತಳು. ಅಪ್ಪ ಹೇಳಿದ ಅಳತೆಗಳು ಒಂದಕ್ಕೊಂದು ಕೂಡುತ್ತಿರಲಿಲ್ಲ. ಅಪ್ಪನ ದನಿಯೇ ಮಸುಕಾಗುತ್ತಿದೆ ಅನ್ನಿಸಿ ಪೆನ್ಸಿಲು ಕೆಳಗಿಡುತ್ತಿದ್ದಳು. ಅವನ ಮೇಲಿನ ಸಿಟ್ಟಿಗಿಂತ ಅವನಿಲ್ಲದ ಸಂಜೆಗಳೇ ಹೆಚ್ಚು ಸುಡುತ್ತಿದ್ದವು. ಅದಕ್ಕಾಗಿ ತನ್ನ ಮೇಲೇ ಸಿಟ್ಟು.

ಮುಂದಿನ ವರ್ಷದ ಒಂದು ಮಧ್ಯಾಹ್ನ, ಮಕ್ಕಳೆಲ್ಲ ಊಟಕ್ಕೆ ಹೋಗಿದ್ದಾಗ, ಡ್ರಾಯಿಂಗ್ ರೂಮಿನ ಬಾಗಿಲಲ್ಲಿ ಅವನು ನಿಂತಿದ್ದ. ಇಳಿದುಹೋಗಿದ್ದ. ಕೈಯಲ್ಲಿ ಅದೇ ಕ್ಯಾಲ್ಕುಲೇಟರ್.

"ಒಳಗೆ ಬರಲ್ಲ. ಸುಳ್ಳು ಹೇಳಿದ್ದೆ, ಅದನ್ನ ಹೇಳಿ ಹೋಗ್ತೀನಿ."

ಅವಳು ಬ್ರಷ್ಷುಗಳನ್ನು ತೊಳೆಯುತ್ತಲೇ ಇದ್ದಳು.

"ಕುರ್ಚಿ ತೆಗೀಲಿಲ್ಲ ನಾನು. ಕಳೆದೆ. ಒಂದು ಸೆಲ್ ಸೋರಿ ಒಳಗೆಲ್ಲಾ ಹಸಿರುಗಟ್ಟಿತ್ತು. ಒರೆಸೋಣ ಅಂತ ದೊಡ್ಡ ಸೆಲ್ ಎಲ್ಲಾ ತೆಗೆದೆ. ಅದೇ ಗುಂಗಲ್ಲಿ ಗುಂಡಿಯಂಥ ಚಿಕ್ಕ ಸೆಲ್ಲನ್ನೂ ತೆಗೆದುಬಿಟ್ಟೆ."

ಅವಳ ಕೈ ನಿಂತಿತು. ದೊಡ್ಡ ಸೆಲ್ ತೆಗೆದಾಗ ನೆನಪು ಉಳಿಸುವುದು ಆ ಚಿಕ್ಕ ಸೆಲ್ಲೇ. ಎರಡನ್ನೂ ಒಟ್ಟಿಗೆ ತೆಗೆದರೆ ಯಂತ್ರ ಎಲ್ಲವನ್ನೂ ಮರೆಯುತ್ತದೆ. ಹಾಗೆ ಮಾಡಬೇಡಿ ಅಂತ ತರಗತಿಯ ಗೋಡೆಗೆ ಚೀಟಿ ಅಂಟಿಸಿದವನೇ ಅವನು!

"ದೋಣಿ, ಮನೆ ಎಲ್ಲಾ ಹುಡುಗರ ಯಂತ್ರಗಳಲ್ಲೂ ಇತ್ತು, ವಾಪಸ್ ಹಾಕ್ಕೊಂಡೆ. ಕುರ್ಚಿ ಮಾತ್ರ ಇದರಲ್ಲಿ ಬಿಟ್ರೆ ಎಲ್ಲೂ ಇರಲಿಲ್ಲ. ನಿಮ್ಮಪ್ಪನ್ನ ಎರಡನೇ ಸಲ ಕಳೆದೆ ಅಂತ ಯಾವ ಬಾಯಲ್ಲಿ ಹೇಳಲಿ? ಜಾಗ ಇಲ್ಲ ಅಂದ್ರೆ ನನ್ನನ್ನ ದ್ವೇಷ ಮಾಡ್ತೀರ, ಅಷ್ಟೇ ತಾನೇ ಅಂದ್ಕೊಂಡೆ."

"ಮಾಡೋಕೆ ನೋಡಿದೆ," ಅಂದಳು. "ಆಗ್ಲಿಲ್ಲ."

ಮಿಂಚಿಹೋದ ಕಾರ್ಯಕ್ಕೆ ಚಿಂತಿಸಿ ಫಲವಿಲ್ಲ ಅನ್ನುತ್ತಾರೆ. ಅವನು ಮಾತ್ರ ಈ ಒಂದು ವರ್ಷ ಬೇರೇನನ್ನೂ ಚಿಂತಿಸಿರಲಿಲ್ಲ. ಕ್ಯಾಲ್ಕುಲೇಟರನ್ನು ಹತ್ತಿರದ ಬೆಂಚಿನ ಮೇಲಿಟ್ಟು, ಒಂದು ಗುಂಡಿ ಒತ್ತಿ ಹಿಂದೆ ಸರಿದ.

ಪರದೆಯ ಮೇಲೆ ಒಂದು ಗೆರೆ ಮೂಡಿತು. ಛಾವಣಿಯಿಂದ ಶುರು ಮಾಡುವವನ ಗೆರೆಯಲ್ಲ ಅದು. ಕೆಳಗಿನ ಬಾಗಿದ ಪಟ್ಟಿ. ಆಮೇಲೆ ಕಾಲು. ಪೀಠ. ಬಲಗೈ. ಬೆನ್ನು.

ಅವಳು ಒದ್ದೆ ಕೈಯಲ್ಲೇ ಹತ್ತಿರ ಬಂದು ಉಸಿರು ಹಿಡಿದು ನಿಂತಳು. ಕಾದಳು.

ಮುಂದಿನ ಗೆರೆ ಬರಲಿಲ್ಲ.

"ಎಡಗೈ ಎಲ್ಲಿ?" ದನಿ ಒಡೆದಿತ್ತು.

"ಉಳಿದದ್ದನ್ನ ಆಗ ನಿಮ್ಮ ಪಕ್ಕ ಕೂತು ನೋಡಿದ್ದ ನೆನಪಲ್ಲೇ ಕಟ್ಟಿದೆ. ತಪ್ಪಿರುತ್ತೆ. ಆದ್ರೆ ಅದು ನಿಮ್ಮ ಕೈಗೆ ಅಪ್ಪ ಹಿಡಿದ ಅಳತೆ. ಅದನ್ನ ಅಂದಾಜಲ್ಲಿ ಹಾಕೋ ಧೈರ್ಯ ಬರಲಿಲ್ಲ."

ಅವಳು ಬೆಂಚಿನ ಮೇಲೆ ಕುಸಿದು ಕೂತಳು. ಅಪ್ಪ ಸತ್ತ ದಿನ ಬಾರದ ಅಳು, ಪ್ರದರ್ಶನದ ದಿನ ನುಂಗಿದ ಅಳು, ಎಲ್ಲಾ ಒಟ್ಟಿಗೆ ಬಂತು. ಅವನು ಬಾಗಿಲಲ್ಲೇ ತಲೆ ತಗ್ಗಿಸಿ ನಿಂತಿದ್ದ. ಹೋಗಲೂ ಆಗದು, ಹತ್ತಿರ ಬರಲೂ ಆಗದು.

ಬಹಳ ಹೊತ್ತಿನ ಮೇಲೆ ಅವಳು ಕಣ್ಣೊರೆಸಿಕೊಂಡು ತನ್ನ ಎಡ ಮೊಣಕೈ ಮುಟ್ಟಿ ನೋಡಿಕೊಂಡಳು. ಅಪ್ಪನ ಗೇಣು ಇದ್ದ ಜಾಗ. ಬೇರೆಲ್ಲ ಮರೆತಿದ್ದರೂ ಆ ಕೈಯ ಅಳತೆ ಮರೆತಿರಲಿಲ್ಲ. ಕ್ಯಾಲ್ಕುಲೇಟರ್ ಎತ್ತಿಕೊಂಡು ಒಂದೊಂದೇ ಸಂಖ್ಯೆ ಒತ್ತಿದಳು.

ಮತ್ತೆ ಪಟ್ಟಿ, ಕಾಲು, ಪೀಠ, ಬಲಗೈ, ಬೆನ್ನು... ಸ್ವಲ್ಪ ತಡೆದು, ತಗ್ಗಾಗಿ, ಅಗಲವಾಗಿ, ಎಡಗೈ ಬಂತು.

ಅಪ್ಪ ಮತ್ತೆ ಬರಲಿಲ್ಲ. ಅದು ಅವಳಿಗೂ ಗೊತ್ತು. ಆದರೆ ಅವರು ಹೋದದ್ದನ್ನು ತನ್ನಷ್ಟೇ ನೋವಿನಿಂದ ಹೊತ್ತುಕೊಂಡ ಇನ್ನೊಬ್ಬನಿದ್ದಾನೆ ಎಂದು ಅವತ್ತು ಗೊತ್ತಾಯಿತು.

"ಪೀಠ ತಪ್ಪಾಗಿದೆ," ಅಂದಳು. "ಅಪ್ಪ ಇಷ್ಟು ಅಗಲ ಹೇಳಿರಲಿಲ್ಲ."

"ಕೊಡಿ, ಸರಿ ಮಾಡ್ತೀನಿ."

ಅವಳು ಕೊಡಲಿಲ್ಲ. ಬೆಂಚಿನಲ್ಲಿ ಸ್ವಲ್ಪ ಪಕ್ಕಕ್ಕೆ ಸರಿದು ಕೂತಳು.

"ಬೇಡ, ಇರಲಿ. ಮುದುಕಿ ಒಬ್ಬಳೇ ಕೂರ್ತಾಳೆ ಅಂತ ಯಾರು ಹೇಳಿದ್ದು?"

ಅವನು ಹೊಸ್ತಿಲು ದಾಟಿ ಒಳಗೆ ಬಂದ. "ಅಷ್ಟು ವರ್ಷ... ತುಂಬಾ ಹೊತ್ತು ಆಗುತ್ತಲ್ಲ."

"ಆಗಲಿ," ಅಂದಳು. "ಕಾಯೋಣ."