ಹಿಮದುರ್ಗದ ಇಬ್ಬರು ಸವಾರರು

"ಬಂದ್ಯಾ? ಬರೋದಿಲ್ಲ ಅಂದ್ಕೊಂಡಿದ್ದೆ. ಹೇಡಿಗಳಿಗೆ ದಾರಿ ಮರೆಯೋದು ಬೇಗ!"

ಹೀಗೆ ಹೇಳುವಾಗ ದೊನಾತಾ ತಲೆ ಎತ್ತಲೂ ಇಲ್ಲ. ಬಾಗಿಲಲ್ಲಿ ನಿಂತವನು ಎರ್ಮೆಸ್ ಎಂದು ಅವಳಿಗೆ ಹೆಜ್ಜೆಯ ಸಪ್ಪಳದಲ್ಲೇ ಗೊತ್ತಾಗಿತ್ತು. ಅದು ಗೊತ್ತಾದದ್ದಕ್ಕೆ ತನ್ನ ಮೇಲೆಯೇ ಅವಳಿಗೆ ಸಿಟ್ಟು ಬಂತು.

"ನೀನೇ ಕರೆದಿದ್ದು," ಎಂದ ಅವನು, ಮೆಲ್ಲಗೆ.

"ಕರೆದಿಲ್ಲ. ಸವಾಲು ಹಾಕಿದೆ. ಎರಡಕ್ಕೂ ವ್ಯತ್ಯಾಸ ಗೊತ್ತಿಲ್ವಾ ನಿನಗೆ?"

ಮೋದೆನಾ ನಗರದ ಆ ಆಟದ ಕ್ಲಬ್ಬಿನಲ್ಲಿ ಭಾನುವಾರದ ಮಧ್ಯಾಹ್ನ ಹದಿನೈದು ಮೇಜುಗಳೂ ತುಂಬಿದ್ದವು. ದಾಳಗಳ ಸದ್ದು ನಿಂತಿತು. ಎಲ್ಲರಿಗೂ ಹೋದ ವರ್ಷದ ಕಥೆ ಗೊತ್ತಿತ್ತು.

'ಏಳು ಕಣಿವೆಗಳ ಯುದ್ಧ' ಎಂಬ ಹಲಗೆಯಾಟದ ಅಂತಿಮ ಪಂದ್ಯ. ಎರ್ಮೆಸ್‌ನದು ನೆರಳಿನ ರಾಣಿಯ ಸೇನೆ, ದೊನಾತಾಳದು ಕಣಿವೆಯ ಜನ. ಇನ್ನೂರು ಗೊಂಬೆಗಳು, ಐದು ತಾಸಿನ ಕಾದಾಟ. ರಾಣಿಯ ಪಡೆ ಕಣಿವೆಯವರ ಹಿಮದುರ್ಗದ ಬಾಗಿಲಿಗೆ ಬಂದು ನಿಂತಿತ್ತು. ಒಂದೇ ಒಂದು ದಾಳಿ, ಎರ್ಮೆಸ್ ಗೆದ್ದ ಹಾಗೆಯೇ. ಆಗ ಅವನು ಇದ್ದಕ್ಕಿದ್ದಂತೆ ಕೈ ಮುಂದೆ ಚಾಚಿ, "ಸೋತೆ" ಎಂದುಬಿಟ್ಟ!

ಗೆಲ್ಲುವವನು ಸೋಲೊಪ್ಪಿದರೆ ಏನರ್ಥ? ಹೆಣ್ಣೆಂದು ಭಿಕ್ಷೆ ಹಾಕಿದ! ದೊನಾತಾ ಆ ಕೈಯನ್ನು ಮುಟ್ಟಲಿಲ್ಲ. ಎಲ್ಲರೆದುರು ಅವನನ್ನು ಹೀನಾಯವಾಗಿ ಬೈದಳು. ಅವನು ಮತ್ತೆ ಕ್ಲಬ್ಬಿಗೆ ಬರಲಿಲ್ಲ.

ಬೈದಿದ್ದರಿಂದ ಸಮಾಧಾನವಾಗಬೇಕಿತ್ತು... ಆಗಲಿಲ್ಲ. ನಾನು ನಿಜವಾಗಿ ಇವನನ್ನು ಗೆಲ್ಲಬಲ್ಲೆನೇ? ವರ್ಷವಿಡೀ ಅದೊಂದೇ ಪ್ರಶ್ನೆ ಅವಳನ್ನು ಕೊರೆಯಿತು.

"ಪಂದ್ಯದ ಮಾತು ಎಲ್ಲರಿಗೂ ಕೇಳಲಿ," ಎಂದಳು. "ಸೋತವರು ಈ ಕ್ಲಬ್ಬಿಗೆ ಮತ್ತೆ ಕಾಲಿಡಬಾರದು. ಆಯ್ತಾ?"

"ದೊನಾತಾ, ಇದು ಆಟ ಕಣಮ್ಮಾ," ಎಂದರು ತೀರ್ಪುಗಾರರಾಗಿ ಕೂತಿದ್ದ ಮುದುಕ ಅಲ್ಚಿದೆ.

"ನಿಮಗೆ ಆಟ ತಾತ. ಸುಮ್ನೆ ಚೀಟಿ ಎತ್ತಿ."

ಚೀಟಿಯಲ್ಲಿ ಅವಳಿಗೆ ಈ ಸಲವೂ ಕಣಿವೆಯ ಜನರೇ ಬಂದರು. ಈ ಎರಡು ಪಂದ್ಯ ಬಿಟ್ಟರೆ ಅವಳು ಯಾವಾಗಲೂ ಆಡುತ್ತಿದ್ದುದು ರಾಣಿಯ ಕಡೆ. ಆದರೇನು? ಈ ಆಟದ ನಿಯಮ ಪುಸ್ತಕವನ್ನು ಎರಡು ವರ್ಷ ಕೂತು ತಿದ್ದಿದವಳೇ ಅವಳು! ಪುಸ್ತಕ ತೆರೆದು ಗೊಂಬೆ ಇಡುವವರನ್ನು ಕಂಡರೆ ಅವಳಿಗೆ ತಾತ್ಸಾರ. ಎದುರಾಳಿಯ ಸೇನೆಯನ್ನು ಎಣಿಸಿ ನೋಡುವ ಕ್ಲಬ್ಬಿನ ಪದ್ಧತಿಯನ್ನೂ ಅವಳು ಒಪ್ಪುತ್ತಿರಲಿಲ್ಲ. "ನನ್ನ ಸೇನೆ ಎಣಿಸೋಕೆ ಇವರ್ಯಾರು?"

ಪಟಪಟನೆ ಗೊಂಬೆಗಳನ್ನು ಇಟ್ಟಳು. "ಶುರು ಮಾಡು. ಕೈ ನಡುಗ್ತಿದ್ಯಾ?"

ಎರ್ಮೆಸ್ ಹಲಗೆಯನ್ನೇ ನೋಡುತ್ತಿದ್ದ.

"ಹಿಮದುರ್ಗದಲ್ಲಿ ಇಬ್ಬರು ಸವಾರರು ಕಮ್ಮಿ ಇದ್ದಾರೆ," ಎಂದ.

ದೊನಾತಾ ನಕ್ಕಳು. "ನನಗೇ ಹೇಳಿಕೊಡ್ತೀಯಾ? ಅಲ್ಲಿ ಮೂರೇ ಗೊಂಬೆ."

"ಪುಸ್ತಕ ನೋಡು."

"ನೋಡಬೇಕಾಗಿಲ್ಲ!"

ಅಲ್ಚಿದೆ ಪುಟ ತೆರೆದು ಅವಳ ಮುಂದೆ ತಳ್ಳಿದರು. ಹಿಮದುರ್ಗ: ಐದು.

ಕರಡಿನಲ್ಲಿ ಮೂರಿತ್ತು... ಎರಡು ವರ್ಷ ಮೂರೇ ಇತ್ತು. ಅಚ್ಚಿಗೆ ಹೋಗುವ ವಾರ ಪ್ರಕಾಶಕರು ಇಬ್ಬರನ್ನು ಸೇರಿಸಿದ್ದರು, ಅವಳೇ ಸಹಿ ಹಾಕಿ ಕಳಿಸಿದ್ದಳು. ಆದರೆ ಅವಳ ತಲೆಯಲ್ಲಿ ಉಳಿದದ್ದು ಹಳೆಯ ಕರಡು!

"ಹೋದ ವರ್ಷ..." ಧ್ವನಿ ಅವಳದೇ ಎನಿಸಲಿಲ್ಲ. "ಹೋದ ವರ್ಷವೂ?"

ಎರ್ಮೆಸ್ ತಲೆಯಾಡಿಸಿದ. "ದುರ್ಗ ಅಷ್ಟು ಸುಲಭವಾಗಿ ಬೀಳೋ ಹಾಗಿರಬಾರದಿತ್ತು. ಯಾಕೆ ಅಂತ ನೋಡಿದೆ. ಇಬ್ಬರೂ ನಿನ್ನ ಪೆಟ್ಟಿಗೆಯಲ್ಲೇ ಮಲಗಿದ್ರು. ಹಾಗೆ ಗೆದ್ದು ನಾನೇನು ಮಾಡ್ಲಿ?"

"ಬಾಯಿ ಬಿಟ್ಟು ಹೇಳೋಕೆ ಏನಾಗಿತ್ತು?"

"ಅರವತ್ತು ಜನ ಸುತ್ತ ನಿಂತಿದ್ರು. ಹೇಳಿದ್ದರೆ, ಪುಸ್ತಕ ತಿದ್ದಿದವಳೇ ಗೊಂಬೆ ಇಡೋದ್ರಲ್ಲಿ ತಪ್ಪಿದ್ಲು ಅಂತ ನಗ್ತಿದ್ರು."

"ಓಹೋ! ನಕ್ಕರೆ ನಾನು ಸತ್ತು ಹೋಗ್ತಿದ್ನಾ? ನಿನ್ನನ್ನ ಯಾರು ಕೇಳಿದ್ರು ನನ್ನ ಮಾನ ಕಾಯೋಕೆ? ಅದೂ ಭಿಕ್ಷೆಯೇ ಎರ್ಮೆಸ್. ಮುಚ್ಚಿಟ್ಟ ಭಿಕ್ಷೆ!"

"ಹೌದು," ಎಂದ ಅವನು. "ತಪ್ಪು ನನ್ನದೇ."

ವಾದ ಮಾಡಿದ್ದರೆ ಗೆಲ್ಲಬಹುದಿತ್ತು. ಒಪ್ಪಿಕೊಂಡವನನ್ನು ಏನು ಮಾಡುವುದು? ವರ್ಷವಿಡೀ ಇವನು ಬೈಗುಳ ಹೊತ್ತು ತಿರುಗಿದ, ಒಂದು ಮಾತಿನಲ್ಲಿ ಇಳಿಸಬಹುದಾಗಿದ್ದರೂ...

ದೊನಾತಾ ಎದ್ದು ನಿಂತಳು.

"ಎಲ್ಲರೂ ಕೇಳಿ! ಹೋದ ವರ್ಷ ನಾನು ಗೆದ್ದಿಲ್ಲ. ಹಿಮದುರ್ಗಕ್ಕೆ ಇಬ್ಬರು ಸವಾರರನ್ನ ಇಡೋದೇ ಮರೆತಿದ್ದೆ. ಈ ಮನುಷ್ಯನಿಗೆ ಗೊತ್ತಿತ್ತು, ಹೇಳಲಿಲ್ಲ. ನಗೋರು ಈಗಲೇ ನಕ್ಕುಬಿಡಿ!"

ಕಿಟಕಿ ನಡುಗುವಂಥ ನಗು! ಅಲ್ಚಿದೆಯಂತೂ ಕಣ್ಣೊರೆಸಿಕೊಂಡರು. ಅವಳ ಕಿವಿ ಸುಟ್ಟಿತು. ಆದರೂ ನಿಂತೇ ಇದ್ದಳು. ಸಾಯಲಿಲ್ಲ.

"ಮುಗೀತಾ? ಈಗ ಆಡು. ಒಂದು ದಾಳ ಬಿಟ್ಟುಕೊಟ್ಟರೂ ಕೊಲ್ತೀನಿ."

ಎರ್ಮೆಸ್ ಏನನ್ನೂ ಬಿಟ್ಟುಕೊಡಲಿಲ್ಲ. ನಿರ್ದಯವಾಗಿ ಆಡಿದ. ಹಿಮದುರ್ಗ ನಾಲ್ಕು ದಾಳಿ ತಡೆಯಿತು, ಐದನೆಯದಕ್ಕೆ ಬಿತ್ತು. ಸಂಜೆ ಏಳಕ್ಕೆ ದೊನಾತಾ ತಾನಾಗಿಯೇ ಕೈ ಚಾಚಿದಳು. "ಸೋತೆ."

ವರ್ಷವಿಡೀ ಕೊರೆದ ಪ್ರಶ್ನೆಗೆ ಉತ್ತರ ಸಿಕ್ಕಿತ್ತು. ವಿಚಿತ್ರವೆಂದರೆ, ನೋವಾಗಲಿಲ್ಲ. ಕೋಟು ಹಾಕಿಕೊಂಡು ಹೊರಟಳು. ಮಾತು ಮಾತೇ. ಹನ್ನೊಂದು ವರ್ಷದ ಕ್ಲಬ್ಬು ಬೆನ್ನ ಹಿಂದೆ ಉಳಿಯಿತು.

ಬೀದಿಯಲ್ಲಿ ಎರ್ಮೆಸ್ ಓಡುತ್ತಾ ಬಂದ. "ಇನ್ನು ಎಲ್ಲಿ ಆಡ್ತೀಯಾ?"

"ನಿನಗ್ಯಾಕೆ?"

"ನಮ್ಮ ಮನೆಯಲ್ಲಿ ಮೇಜು ದೊಡ್ಡದಿದೆ. ಶನಿವಾರ ಮಾತ್ರ ಅಮ್ಮ ಅದರ ಮೇಲೆ ಹಿಟ್ಟು ಲಟ್ಟಿಸಿ, ಹೂರಣ ತುಂಬಿ ತೊರ್ತೆಲ್ಲೀನಿ ಮಡಚ್ತಾಳೆ."

"ಅಮ್ಮನಿಗೆ ಏನಂತ ಪರಿಚಯ ಮಾಡಿಸ್ತೀಯ? ನನ್ನ ಕೈಯಲ್ಲಿ ಸೋತವಳು ಅಂತಲಾ?"

"ಇಲ್ಲ... ನಾನು ಪ್ರೀತಿಸೋ ಹುಡುಗಿ ಅಂತ."

ದೊನಾತಾ ನಿಂತುಬಿಟ್ಟಳು. ಹುಬ್ಬು ಮೇಲೇರಿತು.

"ದಡ್ಡ! ಅಮ್ಮನಿಗೆ ಹೇಳೋ ಮೊದಲು ನನಗೆ ಹೇಳಬೇಕಲ್ವಾ?"

"ಈಗ ಹೇಳಿದ್ದು ನಿನಗೇ."

"ಅಷ್ಟು ಮೆಲ್ಲಗಾ?" ಅವನ ಕೋಟಿನ ಅಂಚು ಹಿಡಿದು ಹತ್ತಿರ ಎಳೆದುಕೊಂಡಳು. "ಇನ್ನೊಂದ್ಸಲ ಹೇಳು. ಬೀದಿಗೆಲ್ಲ ಕೇಳಲಿ."